ಟೇಬಲ್‌ನ ಯಾವ ಕಾಲಮ್‌ನಲ್ಲಿದೆ ಗೊತ್ತಿಲ್ಲದಾಗ ಒಂದು ಮೌಲ್ಯವನ್ನು ಹುಡುಕುವುದು ಹೇಗೆ?

ನನಗೆ ಬರುವ ಪ್ರಶ್ನೆಗಳಲ್ಲಿ ಮತ್ತೆ ಮತ್ತೆ ಕಾಣುವುದು ಇದು: "ಟೇಬಲ್‌ನಲ್ಲಿ ನಲವತ್ತು ಕಾಲಮ್ ಇದೆ. ಈ ನಂಬರ್ ಎಲ್ಲೋ ಇದೆ ಅಂತ ಗೊತ್ತು, ಆದರೆ ಯಾವ ಕಾಲಮ್‌ನಲ್ಲಿ ಅಂತ ಗೊತ್ತಿಲ್ಲ. ಒಂದೊಂದಾಗಿ ನೋಡುವುದು ಬಿಟ್ಟು ಬೇರೆ ದಾರಿ ಇದೆಯಾ?" ಇದೆ, ಅದೂ ಒಂದಕ್ಕಿಂತ ಹೆಚ್ಚು. ಆದರೆ ಹುಡುಕಿ ಏನೂ ಸಿಗದಿದ್ದಾಗ "ಟೇಬಲ್‌ನಲ್ಲಿ ಇಲ್ಲ" ಎಂದು ತೀರ್ಮಾನಿಸುವವರೇ ಹೆಚ್ಚು. ಕನ್ನಡದ ಡೇಟಾ ಇರುವ ಕಡೆ ಆ ತೀರ್ಮಾನ ಎಷ್ಟೋ ಸಲ ತಪ್ಪು. ಅದಕ್ಕೇ ಕನ್ನಡ ಪಠ್ಯದ ಹಂತವನ್ನು ಕೆಳಗೆ ಉದ್ದವಾಗಿಯೇ ಬರೆದಿದ್ದೇನೆ.

ಉದಾಹರಣೆಗೆ ಒಂದು ಹಾಲು ಉತ್ಪಾದಕರ ಸಂಘದ ಡೇಟಾಬೇಸ್ ಇದೆ, ಅದರ ಹೆಸರು "ಸಂಘ" ಎಂದುಕೊಳ್ಳಿ. ಅದರಲ್ಲಿ "ಸದಸ್ಯರು" ಎಂಬ ಟೇಬಲ್. ಕ್ರಮಸಂಖ್ಯೆ, ಹೆಸರು, ಊರು, ಪಾಸ್‌ಬುಕ್, ರಸೀದಿ, ಮೊಬೈಲ್, ಸೇರಿದ ದಿನ, ಷರಾ ಇವು ಕಾಲಮ್‌ಗಳು. ನಮಗೆ ಬೇಕಾಗಿರುವುದು 4471. ಅದು ಪಾಸ್‌ಬುಕ್ ನಂಬರೋ ರಸೀದಿ ನಂಬರೋ, ಅಥವಾ ಷರಾದಲ್ಲಿ ಯಾರೋ "ಹಳೇ ಪಾಸ್‌ಬುಕ್ 4471" ಎಂದು ಬರೆದಿಟ್ಟಿದ್ದಾರೋ ತಿಳಿಯದು.

ಕಮಾಂಡ್‌ಗಳನ್ನು ಇಲ್ಲಿ ಉಚ್ಚಾರದ ಪ್ರಕಾರ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನೀವು ಟೈಪ್ ಮಾಡುವಾಗ ಕಮಾಂಡ್‌ನ ಪದಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಹೊಡೆಯಿರಿ, ಟೇಬಲ್ ಮತ್ತು ಕಾಲಮ್‌ಗಳ ಹೆಸರು ನಿಮ್ಮಲ್ಲಿ ಹೇಗಿದೆಯೋ ಹಾಗೆ. ಚಿಹ್ನೆಗಳು ಮಾತ್ರ ಇದ್ದ ಹಾಗೇ ಇರಲಿ. ಹೆಚ್ಚಿನವರ ಕೈಯಲ್ಲಿರುವ ಡೇಟಾಬೇಸ್ ಸಾಫ್ಟ್‌ವೇರ್ ಮೈಎಸ್‌ಕ್ಯುಎಲ್ ಅಥವಾ ಮರಿಯಾಡಿಬಿ ಆದ್ದರಿಂದ ಅದನ್ನೇ ಮುಖ್ಯವಾಗಿ ಹಿಡಿದಿದ್ದೇನೆ. ಪೋಸ್ಟ್‌ಗ್ರೆಸ್ ಬಳಸುವವರಿಗೆ ಬೇರೆ ಹಂತವಿದೆ.

ಬೇಕಾದದ್ದು ಇಷ್ಟು: ಡೇಟಾಬೇಸ್‌ಗೆ ಲಾಗಿನ್, ಓದುವುದಕ್ಕೆ ಮಾತ್ರ ಅನುಮತಿ ಇರುವ ಯೂಸರ್ ಆದರೆ ಇನ್ನೂ ಒಳ್ಳೆಯದು. ಜೊತೆಗೆ ಒಂದು ಬ್ಯಾಕಪ್. ಹುಡುಕುವುದರಿಂದ ಡೇಟಾ ಹಾಳಾಗುವುದಿಲ್ಲ, ನಿಜ. ಆದರೆ ಸಿಕ್ಕ ತಕ್ಷಣ ಅಲ್ಲೇ ತಿದ್ದಲು ಹೊರಡುವವರನ್ನು ಬೇಕಾದಷ್ಟು ನೋಡಿದ್ದೇನೆ. ಬ್ಯಾಕಪ್ ಅದಕ್ಕಾಗಿ.

ಹಂತ 1: ಹುಡುಕುವ ಮೌಲ್ಯದ ಎಲ್ಲ ರೂಪಗಳನ್ನು ಹಾಳೆಯ ಮೇಲೆ ಬರೆದುಕೊಳ್ಳಿ

ಕ್ವೆರಿ ಬರೆಯುವ ಮುಂಚೆ ಎರಡು ನಿಮಿಷ ಇದಕ್ಕೆ ಕೊಡಿ. ಕ್ವೆರಿ ಎಂದರೆ ಡೇಟಾಬೇಸ್‌ಗೆ ನಾವು ಕೇಳುವ ಪ್ರಶ್ನೆ. ನೀವು ಕೇಳಿದ ರೂಪದಲ್ಲಿ ಇದ್ದರೆ ಮಾತ್ರ ಅದು ಉತ್ತರ ಕೊಡುತ್ತದೆ.

ದಿನಾಂಕವನ್ನು ನಾವು 15/03/2024 ಎಂದು ಬರೆಯುತ್ತೇವೆ, ದಿನಾಂಕದ ಕಾಲಮ್‌ನಲ್ಲಿ ಅದು 2024-03-15 ಆಗಿರುತ್ತದೆ. ಹಣ 1,500 ಎಂದು ನಮ್ಮ ಬಾಯಲ್ಲಿ, ಕಾಲಮ್‌ನಲ್ಲಿ 1500.00. ಮೊಬೈಲ್ ನಂಬರಿನ ಮುಂದೆ ಒಬ್ಬರು +91 ಹಾಕಿರುತ್ತಾರೆ, ಇನ್ನೊಬ್ಬರು ಸೊನ್ನೆ, ಮತ್ತೊಬ್ಬರು ನಡುವೆ ಜಾಗ ಬಿಟ್ಟಿರುತ್ತಾರೆ. ಮೊಬೈಲ್ ಕಾಲಮ್ ಸಂಖ್ಯೆಯ ಬಗೆಯದಾಗಿದ್ದರೆ ಮುಂದಿನ ಸೊನ್ನೆ ಉಳಿದೇ ಇರುವುದಿಲ್ಲ. ಕೊನೆಯ ಆರೇಳು ಅಂಕಿಗಳನ್ನು ಮಾತ್ರ ಹುಡುಕುವುದು ಇಂಥಲ್ಲಿ ಜಾಣತನ.

ಹಂತ 2: ಯಾವ ಕಾಲಮ್ ಯಾವ ಬಗೆಯದು ನೋಡಿ

ಡಿಸ್ಕ್ರೈಬ್ ಸದಸ್ಯರು;

ಇಷ್ಟು ಹೊಡೆದರೆ ಪ್ರತಿ ಕಾಲಮ್‌ನ ಹೆಸರು ಮತ್ತು ಬಗೆ ಕಾಣುತ್ತದೆ. ಯಾವುದು ಸಂಖ್ಯೆ, ಯಾವುದು ಪಠ್ಯ, ಯಾವುದು ದಿನಾಂಕ ಎಂದು ಗುರುತು ಹಾಕಿಕೊಳ್ಳಿ. ಫೋಟೋ ಅಥವಾ ಫೈಲ್ ತುಂಬಿರುವ ಬ್ಲಾಬ್ ಕಾಲಮ್‌ಗಳನ್ನು ಪಟ್ಟಿಯಿಂದ ತೆಗೆದುಬಿಡಿ, ಅವು ಹುಡುಕಾಟವನ್ನು ನಿಧಾನ ಮಾಡುತ್ತವೆ ಅಷ್ಟೆ.

ಹಂತ 3: ಪೂರ್ತಿ ಹೊಂದುವ ಮೌಲ್ಯಕ್ಕೆ, ಕ್ವೆರಿಯನ್ನು ತಿರುಗಿಸಿ ಬರೆಯಿರಿ

ಸಾಮಾನ್ಯವಾಗಿ ನಾವು ಕಾಲಮ್ ಎಡಕ್ಕೆ, ಮೌಲ್ಯ ಬಲಕ್ಕೆ ಬರೆಯುತ್ತೇವೆ. ಅದನ್ನು ತಿರುಗಿಸಿ:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ '4471' ಇನ್ (ಪಾಸ್‌ಬುಕ್, ರಸೀದಿ, ಮೊಬೈಲ್, ಷರಾ);

"ಈ ನಾಲ್ಕು ಕಾಲಮ್‌ಗಳಲ್ಲಿ ಯಾವುದಾದರೂ ಒಂದರಲ್ಲಿ 4471 ಇದ್ದರೆ ಆ ಸಾಲು ಕೊಡು" ಎಂದು ಇದರ ಅರ್ಥ. "ಆರ್" ಹಾಕಿ ನಾಲ್ಕು ಸಲ ಬರೆಯುವುದಕ್ಕಿಂತ ಓದಲು ಸುಲಭ, ತಪ್ಪೂ ಕಡಿಮೆ.

ಇಲ್ಲೊಂದು ಗುಂಡಿ ಇದೆ. ಮೈಎಸ್‌ಕ್ಯುಎಲ್ ಪಠ್ಯವನ್ನೂ ಸಂಖ್ಯೆಯನ್ನೂ ಹೋಲಿಸಬೇಕಾದಾಗ ಪಠ್ಯವನ್ನೇ ಸಂಖ್ಯೆಯಾಗಿ ಮಾಡಿಕೊಳ್ಳುತ್ತದೆ. ಅಂಕಿಯಿಂದ ಶುರುವಾಗದ ಪಠ್ಯ ಅದಕ್ಕೆ ಸೊನ್ನೆ. ಹೀಗಾಗಿ ಸಂಖ್ಯೆಯ ಕಾಲಮ್‌ಗಳನ್ನೂ ಸೇರಿಸಿ 'ರಮೇಶ' ಎಂದು ಹುಡುಕಿದರೆ, ಆ ಕಾಲಮ್‌ಗಳಲ್ಲಿ ಸೊನ್ನೆ ಇರುವ ಸಾಲುಗಳೆಲ್ಲ ಬಂದು ಬೀಳುತ್ತವೆ. ಉಲ್ಟಾ ದಿಕ್ಕಿನಲ್ಲೂ ಇದೇ ಕಥೆ: ಉದ್ಧರಣ ಚಿಹ್ನೆ ಇಲ್ಲದೆ ಬರೀ 0 ಎಂದು ಹೆಸರು, ಊರು ಕಾಲಮ್‌ಗಳಲ್ಲಿ ಹುಡುಕಿದರೆ ಹೆಚ್ಚುಕಡಿಮೆ ಇಡೀ ಟೇಬಲ್ ಬರುತ್ತದೆ. '4471/2' ಎಂದು ಹುಡುಕಿದರೆ ಸಂಖ್ಯೆಯ ಕಾಲಮ್‌ನಲ್ಲಿ 4471 ಇರುವುದೂ ಹೊಂದುತ್ತದೆ, ಏಕೆಂದರೆ ಗೆರೆಯ ಆಚೆಗಿನದನ್ನು ಅದು ಓದುವುದೇ ಇಲ್ಲ.

ಪರಿಹಾರ ಸರಳ. ಸಂಖ್ಯೆಯ ಕಾಲಮ್‌ಗಳನ್ನು ಪಠ್ಯವಾಗಿ ಬದಲಿಸಿ ಹೋಲಿಸಿ:

ವೇರ್ '4471' ಇನ್ (ಕಾಸ್ಟ್(ಪಾಸ್‌ಬುಕ್ ಆ್ಯಸ್ ಚಾರ್), ಕಾಸ್ಟ್(ರಸೀದಿ ಆ್ಯಸ್ ಚಾರ್), ಮೊಬೈಲ್, ಷರಾ)

ದಿನಾಂಕದ ಕಾಲಮ್‌ಗೂ ಹೀಗೇ ಮಾಡಿ. ಮೈಎಸ್‌ಕ್ಯುಎಲ್‌ನ ಈಚಿನ ಆವೃತ್ತಿಗಳು ದಿನಾಂಕವಲ್ಲದ ಪಠ್ಯವನ್ನು ದಿನಾಂಕದ ಜೊತೆ ಹೋಲಿಸಹೊರಟರೆ ಎರರ್ ಕೊಟ್ಟು ನಿಂತುಬಿಡಬಹುದು.

ಹಂತ 4: ಮೌಲ್ಯ ಬೇರೆ ಬರಹದ ನಡುವೆ ಅಡಗಿದ್ದರೆ

ಷರಾದಲ್ಲಿ "ಹಳೇ ಪಾಸ್‌ಬುಕ್ 4471, ಬದಲಿಸಿದೆ" ಎಂದಿದ್ದರೆ ಮೇಲಿನ ಕ್ವೆರಿಗೆ ಸಿಗುವುದಿಲ್ಲ. ಆಗ ಎಲ್ಲ ಕಾಲಮ್‌ಗಳನ್ನು ಒಂದೇ ಸಾಲಾಗಿ ಪೋಣಿಸಿ ಅದರೊಳಗೆ ಹುಡುಕಬೇಕು:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಕಾನ್‌ಕ್ಯಾಟ್_ಡಬ್ಲ್ಯುಎಸ್('|', ಹೆಸರು, ಊರು, ಪಾಸ್‌ಬುಕ್, ರಸೀದಿ, ಮೊಬೈಲ್, ಷರಾ) ಲೈಕ್ '%4471%';

ಶೇಕಡಾ ಚಿಹ್ನೆ ಎಂದರೆ "ಇಲ್ಲಿ ಏನು ಬೇಕಾದರೂ ಇರಬಹುದು, ಏನೂ ಇಲ್ಲದೆಯೂ ಇರಬಹುದು". ಮೊದಲಿಗೆ ಕೊಟ್ಟ ನಿಂತ ಗೆರೆ ಕಾಲಮ್‌ಗಳ ನಡುವಿನ ಬೇಲಿ. ಬೇಲಿ ಬೇಡ ಎಂದು ಬಿಡಬೇಡಿ. ಪಾಸ್‌ಬುಕ್ 44, ರಸೀದಿ 71 ಇರುವ ಸದಸ್ಯರೊಬ್ಬರಿದ್ದರೆ, ಬೇಲಿಯಿಲ್ಲದೆ ಪೋಣಿಸಿದಾಗ ಅವರ ಸಾಲಿನಲ್ಲೂ 4471 ಮೂಡುತ್ತದೆ.

ಬರೀ "ಕಾನ್‌ಕ್ಯಾಟ್" ಬಳಸಬೇಡಿ, ಕೊನೆಗೆ "ಡಬ್ಲ್ಯುಎಸ್" ಇರುವುದನ್ನೇ ಬಳಸಿ. ಮೈಎಸ್‌ಕ್ಯುಎಲ್‌ನಲ್ಲಿ ಯಾವುದಾದರೂ ಒಂದು ಕಾಲಮ್ ನಲ್ ಆಗಿದ್ದರೆ, ಅಂದರೆ ಅಲ್ಲಿ ಮೌಲ್ಯವೇ ಇಲ್ಲದಿದ್ದರೆ, ಬರೀ ಕಾನ್‌ಕ್ಯಾಟ್‌ನ ಇಡೀ ಫಲಿತಾಂಶ ನಲ್ ಆಗುತ್ತದೆ. ಮೊಬೈಲ್ ಇಲ್ಲದ ಸದಸ್ಯರೆಲ್ಲ ಹುಡುಕಾಟದಿಂದ ಸದ್ದಿಲ್ಲದೆ ಜಾರಿಹೋಗುತ್ತಾರೆ. ಎರರ್ ಬರುವುದಿಲ್ಲ, ಎಚ್ಚರಿಕೆಯೂ ಇಲ್ಲ.

ಅಡಿಗೆರೆಗೂ ಲೈಕ್‌ನಲ್ಲಿ ವಿಶೇಷ ಅರ್ಥವಿದೆ: ಯಾವುದಾದರೂ ಒಂದು ಅಕ್ಷರ. ನೀವು ಹುಡುಕುವ ಮೌಲ್ಯದಲ್ಲೇ ಅಡಿಗೆರೆ ಅಥವಾ ಶೇಕಡಾ ಚಿಹ್ನೆ ಇದ್ದರೆ ಅದಕ್ಕೆ ಮೊದಲು ಬ್ಯಾಕ್‌ಸ್ಲ್ಯಾಷ್ (\) ಹಾಕಿ.

ಇನ್ನು ವೇಗದ ಮಾತು. ಹೀಗೆ ಹುಡುಕುವಾಗ ಇಂಡೆಕ್ಸ್ ಕೆಲಸಕ್ಕೆ ಬರುವುದಿಲ್ಲ. ಇಂಡೆಕ್ಸ್ ಎಂದರೆ ಪುಸ್ತಕದ ಕೊನೆಯಲ್ಲಿರುವ ಪದಸೂಚಿಯ ಹಾಗೆ. ಪದದ ಮೊದಲ ಅಕ್ಷರವೇ ಗೊತ್ತಿಲ್ಲದಿದ್ದರೆ ಸೂಚಿಯಿಂದ ಏನುಪಯೋಗ, ಪುಟಪುಟವನ್ನೂ ತಿರುವಬೇಕು. ಕೆಲವು ಸಾವಿರ ಸಾಲುಗಳಿಗೆ ಚಿಂತೆಯಿಲ್ಲ. ಲಕ್ಷಗಟ್ಟಲೆ ಇದ್ದರೆ ಬೆಳಗಿನ ಹಾಲು ಅಳೆಯುವ ಹೊತ್ತಿನಲ್ಲಿ ಇದನ್ನು ಓಡಿಸಬೇಡಿ, ಡೇಟಾಬೇಸ್‌ನ ಒಂದು ನಕಲಿನ ಮೇಲೆ ಓಡಿಸಿ.

ಹಂತ 5: ಕಾಲಮ್ ಪಟ್ಟಿಯನ್ನು ಡೇಟಾಬೇಸೇ ಬರೆದುಕೊಡಲಿ

ನಲವತ್ತು ಹೆಸರುಗಳನ್ನು ಕೈಯಲ್ಲಿ ಬರೆಯುವುದು ಬೇಡ. "ಇನ್ಫರ್ಮೇಷನ್ ಸ್ಕೀಮಾ" ಎಂಬ ಒಳಪಟ್ಟಿಯಲ್ಲಿ ಎಲ್ಲ ಟೇಬಲ್‌ಗಳ ಎಲ್ಲ ಕಾಲಮ್‌ಗಳ ವಿವರ ಇರುತ್ತದೆ:

ಸೆಲೆಕ್ಟ್ ಗ್ರೂಪ್_ಕಾನ್‌ಕ್ಯಾಟ್(ಕಾಲಮ್_ನೇಮ್) ಫ್ರಮ್ ಇನ್ಫರ್ಮೇಷನ್_ಸ್ಕೀಮಾ.ಕಾಲಮ್ಸ್ ವೇರ್ ಟೇಬಲ್_ಸ್ಕೀಮಾ = 'ಸಂಘ' ಆ್ಯಂಡ್ ಟೇಬಲ್_ನೇಮ್ = 'ಸದಸ್ಯರು';

ಬಂದ ಪಟ್ಟಿಯನ್ನು ನಕಲಿಸಿ ಹಿಂದಿನ ಹಂತದ ಕ್ವೆರಿಗೆ ಅಂಟಿಸಿ. ಹೆಸರಿನ ನಡುವೆ ಜಾಗ ಇರುವ ಕಾಲಮ್‌ಗಳಿಗೆ ಎರಡೂ ಕಡೆ ಬ್ಯಾಕ್‌ಟಿಕ್ (`) ಹಾಕುವುದನ್ನು ಮರೆಯಬೇಡಿ.

ಪಟ್ಟಿಯ ಕೊನೆಯನ್ನು ಕಡ್ಡಾಯವಾಗಿ ಪರೀಕ್ಷಿಸಿ. ಮೈಎಸ್‌ಕ್ಯುಎಲ್‌ನಲ್ಲಿ ಗ್ರೂಪ್_ಕಾನ್‌ಕ್ಯಾಟ್ ಕೊಡುವ ಉತ್ತರಕ್ಕೆ ಮೊದಲಿನಿಂದ ಇರುವ ಮಿತಿ 1024 ಬೈಟ್ ಮಾತ್ರ. ಅದಕ್ಕಿಂತ ಉದ್ದವಾದದ್ದು ಅಲ್ಲಿಗೇ ತುಂಡಾಗುತ್ತದೆ. ಕನ್ನಡದ ಒಂದೊಂದು ಸಂಕೇತಕ್ಕೆ ಮೂರು ಬೈಟ್ ಬೇಕಾದ್ದರಿಂದ, ಕಾಲಮ್‌ಗಳಿಗೆ ಕನ್ನಡದಲ್ಲೇ ಹೆಸರಿಟ್ಟಿದ್ದರೆ ಮಿತಿ ಬೇಗ ಮುಟ್ಟುತ್ತದೆ. ಮೊದಲು ಇದನ್ನು ಓಡಿಸಿಬಿಡಿ:

ಸೆಟ್ ಸೆಷನ್ ಗ್ರೂಪ್_ಕಾನ್‌ಕ್ಯಾಟ್_ಮ್ಯಾಕ್ಸ್_ಲೆನ್ = 1000000;

ಮರಿಯಾಡಿಬಿಯಲ್ಲಿ 10.2.4ರಿಂದ ಈ ಮಿತಿಯನ್ನು ದೊಡ್ಡದು ಮಾಡಿದ್ದಾರೆ, ಅಲ್ಲಿ ತೊಂದರೆ ಕಡಿಮೆ.

ಹಂತ 6: ಪೋಸ್ಟ್‌ಗ್ರೆಸ್ ಇದ್ದವರಿಗೆ

ನಿಮ್ಮ ಕೆಲಸ ಸುಲಭ. ಇಡೀ ಸಾಲನ್ನೇ ಪಠ್ಯವಾಗಿ ತೆಗೆದುಕೊಳ್ಳಬಹುದು:

ಸೆಲೆಕ್ಟ್ * ಫ್ರಮ್ ಸದಸ್ಯರು ವೇರ್ ಸದಸ್ಯರು::ಟೆಕ್ಸ್ಟ್ ಲೈಕ್ '%4471%';

ಯಾವ ಕಾಲಮ್‌ನಲ್ಲಿ ಸಿಕ್ಕಿತು ಎಂದೂ ಬೇಕಾದರೆ ಸಾಲನ್ನು ಜೇಸನ್ ಆಗಿ ಬಿಚ್ಚಿ. ಜೇಸನ್ ಎಂದರೆ "ಹೆಸರು: ಮೌಲ್ಯ" ಎಂಬ ಜೋಡಿಗಳಾಗಿ ಬರೆದ ಪಠ್ಯ:

ಸೆಲೆಕ್ಟ್ ಸ.ಕ್ರಮಸಂಖ್ಯೆ, ಜ.ಕೀ, ಜ.ವ್ಯಾಲ್ಯೂ ಫ್ರಮ್ ಸದಸ್ಯರು ಸ, ಜೇಸನ್‌ಬಿ_ಈಚ್_ಟೆಕ್ಸ್ಟ್(ಟು_ಜೇಸನ್‌ಬಿ(ಸ)) ಜ ವೇರ್ ಜ.ವ್ಯಾಲ್ಯೂ ಲೈಕ್ '%4471%';

ಉತ್ತರದಲ್ಲಿ ಕ್ರಮಸಂಖ್ಯೆ, ಕಾಲಮ್‌ನ ಹೆಸರು, ಪೂರ್ತಿ ಮೌಲ್ಯ ಮೂರೂ ಬರುತ್ತವೆ. ನನ್ನ ಮಟ್ಟಿಗೆ ಈ ಇಡೀ ಲೇಖನದಲ್ಲಿ ಅತ್ಯಂತ ಉಪಯೋಗಿ ಕ್ವೆರಿ ಇದೇ. ಇಂಗ್ಲಿಷ್ ಪಠ್ಯ ಹುಡುಕುವಾಗ ಲೈಕ್ ಬದಲು ಐಲೈಕ್ ಬಳಸಿ. ಪೋಸ್ಟ್‌ಗ್ರೆಸ್‌ನ ಲೈಕ್ ದೊಡ್ಡಕ್ಷರ, ಚಿಕ್ಕಕ್ಷರಗಳನ್ನು ಬೇರೆ ಬೇರೆ ಎಂದು ಎಣಿಸುತ್ತದೆ.

ಹಂತ 7: ಕನ್ನಡ ಪಠ್ಯ ಹುಡುಕುವಾಗ

ಕಣ್ಣಿಗೆ ಒಂದೇ ಥರ ಕಾಣುವ ಎರಡು ಪದಗಳು ಡೇಟಾಬೇಸ್‌ಗೆ ಬೇರೆ ಬೇರೆ ಆಗಿರಬಹುದು. ಇದು ಮನಸ್ಸಿಗೆ ಹೋಗುವವರೆಗೆ ಕನ್ನಡದಲ್ಲಿ ಹುಡುಕಿ ಬಂದ ಸೊನ್ನೆ ಫಲಿತಾಂಶವನ್ನು ನಂಬಬೇಡಿ.

ಮೊದಲು "ರಾಜ್‌ಕುಮಾರ್" ಹೆಸರನ್ನೇ ನೋಡಿ. ಜ್ ಮತ್ತು ಕು ಬಿಡಿಬಿಡಿಯಾಗಿ ಕಾಣಬೇಕೆಂದರೆ ಅವುಗಳ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರಬೇಕು. ಪ್ರತಿ ಅಕ್ಷರಕ್ಕೂ ಚಿಹ್ನೆಗೂ ಒಂದು ಸಂಖ್ಯೆ ಕೊಡುವ ಯುನಿಕೋಡ್ ಪದ್ಧತಿಯಲ್ಲಿ ಅದರ ಸಂಖ್ಯೆ 200ಸಿ. ಅದಿಲ್ಲದಿದ್ದರೆ "ರಾಜ್ಕುಮಾರ್" ಎಂದು ಒತ್ತಕ್ಷರವಾಗುತ್ತದೆ. ಒಬ್ಬ ಆಪರೇಟರ್ ಅದನ್ನು ಹಾಕಿರುತ್ತಾರೆ, ಇನ್ನೊಬ್ಬರು ಹಾಕಿರುವುದಿಲ್ಲ, ಮೂರನೆಯವರು ಅಲ್ಲಿ ಸ್ಪೇಸ್ ಹೊಡೆದಿರುತ್ತಾರೆ. ಪರೀಕ್ಷೆ ಮಾಡಬೇಕೇ? ಮೈಎಸ್‌ಕ್ಯುಎಲ್‌ನಲ್ಲಿ ಚಾರ್_ಲೆಂತ್ ಸಂಕೇತಗಳ ಲೆಕ್ಕ ಕೊಡುತ್ತದೆ, ಲೆಂತ್ ಬೈಟ್‌ಗಳ ಲೆಕ್ಕ ಕೊಡುತ್ತದೆ. ಬಿಡಿಸಿ ಬರೆದ ಹೆಸರಿಗೆ 11 ಮತ್ತು 33 ಬರುತ್ತದೆ, ಒತ್ತಕ್ಷರದ ರೂಪಕ್ಕೆ 10 ಮತ್ತು 30.

ಇನ್ನೂ ಸೂಕ್ಷ್ಮವಾದದ್ದು "ಕೊಟ್ರೇಶ". ಇದರ "ಕೊ" ಎಂಬುದನ್ನು ಎರಡು ರೀತಿಯಲ್ಲಿ ಸಂಗ್ರಹಿಸಬಹುದು: ಕ ಮತ್ತು ೊ ಎಂಬ ಒಂದೇ ಸ್ವರಚಿಹ್ನೆ, ಅಥವಾ ಕ, ೆ, ೂ ಎಂದು ಎರಡು ತುಂಡು ಸ್ವರಚಿಹ್ನೆಗಳು. ತೆರೆಯ ಮೇಲೆ ಕೂದಲಷ್ಟೂ ವ್ಯತ್ಯಾಸ ಕಾಣದು. ಆದರೆ ಮೊದಲನೆಯದು 6 ಬೈಟ್, ಎರಡನೆಯದು 9. ಯುನಿಕೋಡ್ ಪ್ರಕಾರ ಎರಡೂ ಸಮಾನ, ಆದರೆ ಲೈಕ್ ಒಂದೊಂದೇ ಸಂಕೇತ ಹಿಡಿದು ಹೋಲಿಸುವುದರಿಂದ ಅದಕ್ಕೆ ಸಮಾನವಲ್ಲ. ಕೀ, ಕೇ, ಕೈ, ಕೋ ಇವಕ್ಕೂ ಇಂಥ ತುಂಡು ರೂಪಗಳಿವೆ. ಸಮ ಚಿಹ್ನೆ ಬಳಸಿದಾಗ ಸಿಕ್ಕಿದ್ದು ಲೈಕ್‌ಗೆ ಸಿಗದೆ ಹೋಗುವುದೂ ಉಂಟು. ಅದು ಕೊಲೇಷನ್ ಮೇಲೆ ನಿಂತಿದೆ. ಕೊಲೇಷನ್ ಎಂದರೆ ಎರಡು ಅಕ್ಷರಗಳು ಒಂದೇ ಎಂದು ಯಾವಾಗ ಎಣಿಸಬೇಕು, ಯಾವುದು ಮುಂದೆ ಯಾವುದು ಹಿಂದೆ ಎಂಬ ನಿಯಮಗಳ ಕಟ್ಟು.

ಮೂರನೆಯದು ಸೊನ್ನೆ. ಕನ್ನಡದ ಅಂಕಿ ೦ ಮತ್ತು ಅನುಸ್ವಾರ ಂ ನೋಡಲು ಅವಳಿಗಳು. "ಮ೦ಜುನಾಥ" ಎಂದು ಸೊನ್ನೆ ಹಾಕಿ ಬರೆದದ್ದು "ಮಂಜುನಾಥ" ಎಂದು ಹುಡುಕಿದರೆ ಸಿಗುವುದಿಲ್ಲ. ಇದರ ಜೊತೆ 4471 ಎಂಬುದನ್ನು ಯಾರಾದರೂ ೪೪೭೧ ಎಂದು ಬರೆದಿರುವ ಸಾಧ್ಯತೆಯನ್ನೂ ಹಂತ 1ರ ಹಾಳೆಗೆ ಸೇರಿಸಿ.

ಇಷ್ಟಕ್ಕೂ ಒಂದೇ ಉಪಾಯ ಸಾಕು. ಸಂಶಯವಿರುವ ಜಾಗದಲ್ಲಿ ಅಕ್ಷರದ ಬದಲು ಶೇಕಡಾ ಚಿಹ್ನೆ ಅಥವಾ ಅಡಿಗೆರೆ ಇಡಿ:

ಲೈಕ್ '%ರಾಜ್%ಕುಮಾರ್%'
ಲೈಕ್ '%ಕ%ಟ್ರ%ಶ%'
ಲೈಕ್ '%ಮ_ಜುನಾಥ%'

ಬೇಡದ ನಾಲ್ಕು ಹೆಸರು ಹೆಚ್ಚಿಗೆ ಬರಬಹುದು, ಬರಲಿ. ಕಣ್ಣಾರೆ ನೋಡಿ ಬಿಡುವುದು ಸುಲಭ, ಬರದೇ ಹೋದದ್ದನ್ನು ನೋಡಲಾಗದು. ಪೋಸ್ಟ್‌ಗ್ರೆಸ್ 13ರಿಂದ ಈಚೆಗೆ ನಾರ್ಮಲೈಸ್ ಎಂಬ ಫಂಕ್ಷನ್ ಇದೆ. ಕಾಲಮ್ ಮತ್ತು ಹುಡುಕುವ ಪದ ಎರಡಕ್ಕೂ ಅದನ್ನು ಹಾಕಿದರೆ ತುಂಡು ಸ್ವರಚಿಹ್ನೆಯ ಸಮಸ್ಯೆ ಹೋಗುತ್ತದೆ. ಕಾಣದ ಸಂಕೇತ ಮತ್ತು ಸೊನ್ನೆಯ ಸಮಸ್ಯೆ ಅದರಿಂದ ಹೋಗುವುದಿಲ್ಲ.

ಹಳೆಯ ಡೇಟಾಬೇಸ್ ಆಗಿದ್ದರೆ ನುಡಿ ಅಥವಾ ಬರಹದ ಅಸ್ಕಿ ಫಾಂಟ್‌ನಲ್ಲಿ ತುಂಬಿಸಿದ ಡೇಟಾ ಇರಬಹುದು. ಫಾಂಟ್ ತೆಗೆದು ನೋಡಿದರೆ ಅಲ್ಲಿರುವುದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲು. ಅಲ್ಲಿ ಯುನಿಕೋಡ್ ಪದ ಎಷ್ಟು ಹುಡುಕಿದರೂ ವ್ಯರ್ಥ. ಪದವನ್ನು ಕನ್ವರ್ಟರ್‌ನಲ್ಲಿ ಅಸ್ಕಿಗೆ ಬದಲಿಸಿ, ಬಂದ ಇಂಗ್ಲಿಷ್ ಸಾಲನ್ನೇ ಅಂಟಿಸಿ ಹುಡುಕಿ. ಇಲ್ಲಿ ಒಂದು ಎಚ್ಚರಿಕೆ: ಈ ಫಾಂಟ್‌ಗಳಲ್ಲಿ ದೊಡ್ಡ ಜಿ ಒಂದು ಕನ್ನಡ ಅಕ್ಷರವಾದರೆ ಚಿಕ್ಕ ಜಿ ಇನ್ನೊಂದು. ಮೈಎಸ್‌ಕ್ಯುಎಲ್‌ನ ಸಾಮಾನ್ಯ ಕೊಲೇಷನ್ ಎರಡನ್ನೂ ಒಂದೇ ಎಂದು ನೋಡುತ್ತದೆ, ಆದ್ದರಿಂದ ತಪ್ಪು ಹೆಸರುಗಳು ಬರುತ್ತವೆ. ಲೈಕ್ ಆದ ಮೇಲೆ ಬೈನರಿ ಎಂದು ಸೇರಿಸಿ ಹುಡುಕಿ.

ಕಾಲಮ್‌ನಲ್ಲಿ ಜೇಸನ್ ತುಂಬಿದ್ದರೆ ಅದನ್ನೂ ತೆರೆದು ನೋಡಿ. ಪಿಎಚ್‌ಪಿ ಮತ್ತು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಗಳು ಎರಡೂ ಬೇರೆ ಸೂಚನೆ ಕೊಡದಿದ್ದರೆ ಜೇಸನ್ ಬರೆಯುವಾಗ ಕನ್ನಡ ಅಕ್ಷರಗಳನ್ನು ಬ್ಯಾಕ್‌ಸ್ಲ್ಯಾಷ್, ಯು, ನಾಲ್ಕು ಅಂಕಿಗಳ ಸಂಕೇತವಾಗಿ ಬದಲಿಸಿಬಿಡುತ್ತವೆ. ಪಠ್ಯದ ಕಾಲಮ್‌ನಲ್ಲಿ ಅದು ಹಾಗೇ ಕೂತಿರುತ್ತದೆ, ಕನ್ನಡದಲ್ಲಿ ಹುಡುಕಿದರೆ ಸಿಗದು.

ಒಂದು ನಷ್ಟಕ್ಕೆ ಮಾತ್ರ ಪರಿಹಾರವಿಲ್ಲ. ಲ್ಯಾಟಿನ್1 (ಕನ್ನಡಕ್ಕೆ ಜಾಗವಿಲ್ಲದ ಹಳೆಯ ಅಕ್ಷರಪಟ್ಟಿ) ಎಂದು ಗೊತ್ತುಮಾಡಿದ ಕಾಲಮ್‌ಗೆ ಕನ್ನಡ ತುಂಬಿಸಿ ಅದು ಸಾಲುಸಾಲು ಪ್ರಶ್ನಾರ್ಥಕ ಚಿಹ್ನೆಗಳಾಗಿ ಉಳಿದಿದ್ದರೆ ಮೂಲ ಅಕ್ಷರಗಳು ಅಲ್ಲಿ ಇಲ್ಲವೇ ಇಲ್ಲ. ಲೈಕ್ '%???%' ಎಂದು ಹುಡುಕಿ ಎಷ್ಟು ಸಾಲು ಹಾಳಾಗಿದೆ ಎಂದು ಎಣಿಸಬಹುದು. ಹೆಸರು ಮತ್ತೆ ಬರಬೇಕಾದರೆ ಹಳೆಯ ರಿಜಿಸ್ಟರ್ ತೆಗೆಯಬೇಕು.

ಹಂತ 8: ಟೇಬಲ್ ಯಾವುದೆಂದೇ ಗೊತ್ತಿಲ್ಲದಿದ್ದರೆ

ಬ್ರೌಸರ್‌ನಲ್ಲೇ ಡೇಟಾಬೇಸ್ ನೋಡಲು ಬರುವ ಪಿಎಚ್‌ಪಿಮೈಅಡ್ಮಿನ್ ಇದ್ದರೆ ಎಡಗಡೆ ಡೇಟಾಬೇಸ್ ಹೆಸರು ಒತ್ತಿ, ಮೇಲೆ "ಸರ್ಚ್" ಟ್ಯಾಬ್‌ಗೆ ಹೋಗಿ. ಟೇಬಲ್ ಹೆಸರು ಒತ್ತಿದ ಮೇಲೆ ಬರುವ ಸರ್ಚ್ ಬೇರೆ, ಅದರಲ್ಲಿ ಕಾಲಮ್‌ಗೊಂದು ಖಾನೆ ಇರುತ್ತದೆ. ನಮಗೆ ಬೇಕಾದದ್ದು ಡೇಟಾಬೇಸ್ ಮಟ್ಟದ್ದು. ಪದ ಹಾಕಿ, ಟೇಬಲ್‌ಗಳನ್ನೆಲ್ಲ ಆರಿಸಿ ಹುಡುಕಿದರೆ ಪ್ರತಿ ಟೇಬಲ್‌ನಲ್ಲಿ ಎಷ್ಟು ಸಾಲು ಹೊಂದಿತು ಎಂಬ ಪಟ್ಟಿ ಬರುತ್ತದೆ. ಆ ಪಟ್ಟಿಯಲ್ಲಿ "ಬ್ರೌಸ್" ಪಕ್ಕದಲ್ಲೇ "ಡಿಲೀಟ್" ಕೂಡ ಇರುತ್ತದೆ, ಅದು ಹೊಂದಿದ ಸಾಲುಗಳನ್ನು ಅಳಿಸುವುದಕ್ಕೆ. ಮೌಸ್ ನಿಧಾನವಾಗಿ ಆಡಲಿ. ಓದುವ ಅನುಮತಿಯ ಯೂಸರ್ ಸಾಕು ಎಂದು ಮೊದಲೇ ಹೇಳಿದ್ದು ಇದಕ್ಕೇ. ಹೈಡಿಎಸ್‌ಕ್ಯುಎಲ್, ಡಿಬೀವರ್‌ಗಳಲ್ಲೂ ಇಡೀ ಡೇಟಾಬೇಸ್ ಹುಡುಕುವ ಸೌಲಭ್ಯವಿದೆ.

ಸರ್ವರ್‌ನ ಕಮಾಂಡ್ ಲೈನ್ ಕೈಯಲ್ಲಿದ್ದರೆ ಇನ್ನೊಂದು ದಾರಿ. ಮೈಎಸ್‌ಕ್ಯುಎಲ್‌ಡಂಪ್‌ನಿಂದ ಡೇಟಾವನ್ನೆಲ್ಲ ಪಠ್ಯದ ಫೈಲ್ ಮಾಡಿ, ಅದರಲ್ಲಿ ಗ್ರೆಪ್ (ಫೈಲ್‌ನೊಳಗೆ ಪದ ಹುಡುಕಿ ಆ ಸಾಲು ತೋರಿಸುವ ಕಮಾಂಡ್) ಹೊಡೆಯುವುದು. ಡಂಪ್ ತೆಗೆಯುವಾಗ "ಸ್ಕಿಪ್-ಎಕ್ಸ್‌ಟೆಂಡೆಡ್-ಇನ್ಸರ್ಟ್" ಆಯ್ಕೆ ಕೊಡಲೇಬೇಕು. ಇಲ್ಲದಿದ್ದರೆ ಸಾವಿರಾರು ಸಾಲುಗಳು ಒಂದೇ ಉದ್ದನೆ ಸಾಲಾಗಿ ಬರೆಯಲ್ಪಟ್ಟು, ಗ್ರೆಪ್ ತೆರೆಯ ತುಂಬ ಅದನ್ನೇ ಸುರಿಯುತ್ತದೆ. ಆ ಫೈಲ್‌ನಲ್ಲಿ ಎಲ್ಲ ಸದಸ್ಯರ ಮೊಬೈಲ್, ವಿಳಾಸ, ಹಣದ ಲೆಕ್ಕ ಇರುತ್ತದೆ. ಕೆಲಸ ಮುಗಿದ ಕೂಡಲೇ ಅಳಿಸಿ, ಪೆನ್‌ಡ್ರೈವ್‌ನಲ್ಲಿ ಉಳಿಸಬೇಡಿ.

ಹಂತ 9: ಸಿಕ್ಕ ಮೇಲೆ

ಟೇಬಲ್, ಕಾಲಮ್, ಕ್ರಮಸಂಖ್ಯೆ ಮೂರನ್ನೂ ಬರೆದಿಟ್ಟುಕೊಳ್ಳಿ. ತಿದ್ದಬೇಕಾದರೆ ಕ್ರಮಸಂಖ್ಯೆ ಹಿಡಿದು ಒಂದೇ ಸಾಲನ್ನು ತಿದ್ದಿ. ಹುಡುಕಲು ಬಳಸಿದ ಲೈಕ್ ಷರತ್ತನ್ನೇ ಅಪ್‌ಡೇಟ್‌ಗೆ ಅಂಟಿಸಬೇಡಿ. '%4471%' ಎಂಬುದು 14471ಕ್ಕೂ 44710ಕ್ಕೂ ಹೊಂದುತ್ತದೆ. ವರ್ಡ್‌ಪ್ರೆಸ್‌ನಂಥ ಕಡೆ ಪಿಎಚ್‌ಪಿ ಸೀರಿಯಲೈಸ್ ಮಾಡಿದ ಮೌಲ್ಯಗಳಿದ್ದರೆ ನೇರವಾಗಿ ತಿದ್ದಲೇಬೇಡಿ. ಅಲ್ಲಿ ಪಠ್ಯದ ಜೊತೆ ಅದರ ಉದ್ದವೂ ದಾಖಲಾಗಿರುತ್ತದೆ, ಉದ್ದ ತಾಳೆಯಾಗದಿದ್ದರೆ ಇಡೀ ಮೌಲ್ಯ ಓದಲು ಬಾರದಂತಾಗುತ್ತದೆ.

ಇದೇ ಹುಡುಕಾಟ ದಿನಾ ಬೇಕಾಗುತ್ತಿದೆ ಎಂದಾದರೆ ಟೇಬಲ್‌ಗೆ "ಹುಡುಕುಪಠ್ಯ" ಎಂಬ ಒಂದು ಕಾಲಮ್ ಸೇರಿಸಿ. ಹೆಸರು, ಊರು, ನಂಬರ್‌ಗಳನ್ನು ಪೋಣಿಸಿ, ಕಾಣದ ಸಂಕೇತ ತೆಗೆದು, ಪದದ ನಡುವಿನ ೦ ಅನ್ನು ಂ ಮಾಡಿ, ಕನ್ನಡ ಅಂಕಿಗಳನ್ನು 0 ಇಂದ 9ಕ್ಕೆ ಬದಲಿಸಿ ಅದರಲ್ಲಿ ತುಂಬಿಸಿ. ಬಳಕೆದಾರರು ಟೈಪ್ ಮಾಡಿದ ಪದಕ್ಕೂ ಇದೇ ಸಂಸ್ಕಾರ ಮಾಡಿ ಈ ಒಂದು ಕಾಲಮ್‌ನಲ್ಲಿ ಮಾತ್ರ ಹುಡುಕಿ. ಮೂಲ ಕಾಲಮ್‌ಗಳನ್ನು ಮುಟ್ಟಬೇಡಿ, ಸದಸ್ಯರ ಹೆಸರು ಅವರು ಬರೆದುಕೊಟ್ಟ ಹಾಗೇ ಇರಲಿ.